ಸ್ಲ್ಯಾಬ್‌ನೊಳಗಿನ ಕಾರ್ಡಿಗೂ ಮಳೆಗಾಲ ತಟ್ಟುತ್ತದೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನನ್ನ ಮಗ ಪೋಕೆಮಾನ್ ಕಾರ್ಡ್‌ಗಳನ್ನು ಕೂಡಿಸುತ್ತಾನೆ. ಅಮೆರಿಕದಲ್ಲಿರುವ ನನ್ನ ತಮ್ಮ ಅವುಗಳಲ್ಲಿ ಮೂರನ್ನು, ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಅಲ್ಲಿನ ಗ್ರೇಡಿಂಗ್ ಸಂಸ್ಥೆಗೆ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಮೊಹರು ಮಾಡಿಸಿ ತಂದಿದ್ದಾನೆ. ಅವನ್ನು ನಮ್ಮ ಹಾಲ್‌ನಲ್ಲಿ ಕಿಟಕಿಗೆ ಎದುರಾದ ಗೋಡೆಯ ಮೇಲೆ ಇಡಬೇಕೆಂದಿದ್ದೇವೆ. ಉಳಿದ ಹೊಳೆಯುವ ಕಾರ್ಡ್‌ಗಳು ಮಳೆಗಾಲ ಬಂದರೆ ಬಾಗುತ್ತವೆ. ಅವನ್ನು ಲ್ಯಾಮಿನೇಶನ್ ಮಾಡಿಸಬಹುದೇ?
— ಓದುಗರು, ಮಂಗಳೂರು

ಉತ್ತರ: ಲ್ಯಾಮಿನೇಶನ್ ಖಂಡಿತ ಬೇಡ. ಬಿಸಿ ರೋಲರ್‌ಗಳ ನಡುವೆ ಹಾಯುವಾಗ ಪ್ಲಾಸ್ಟಿಕ್ ಹಾಳೆಯ ಒಳಮೈಯಲ್ಲಿರುವ ಅಂಟು ಕರಗಿ ಕಾರ್ಡಿನ ಮೇಲ್ಮೈಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸಲು ಹೋದರೆ ಮುದ್ರಣವೂ ಜೊತೆಗೇ ಕಿತ್ತು ಬರುತ್ತದೆ. ದಾಖಲೆಪತ್ರ ಯಾವುದಿದ್ದರೂ ಲ್ಯಾಮಿನೇಶನ್ ಮಾಡಿಸುವ ರೂಢಿ ನಮ್ಮ ಮನೆಗಳಲ್ಲಿ ಇರುವುದರಿಂದ ಈ ಯೋಚನೆ ಬರುವುದು ಸಹಜವೇ. ಆದರೆ ಸಂಗ್ರಾಹಕರ ದೃಷ್ಟಿಯಲ್ಲಿ ಲ್ಯಾಮಿನೇಟ್ ಆದ ಕಾರ್ಡ್ ಮತ್ತೆ ಸರಿಪಡಿಸಲಾಗದಂತೆ ಕೆಟ್ಟ ಕಾರ್ಡ್.

ಇನ್ನು ಸ್ಲ್ಯಾಬ್. ಮೊಹರು ಎಂದೊಡನೆ ಅದು ಗಾಳಿಯಾಡದ ಪೆಟ್ಟಿಗೆ ಎಂದು ಬಹಳ ಮಂದಿ ಭಾವಿಸುತ್ತಾರೆ, ಹೆಚ್ಚಿನ ನಷ್ಟಕ್ಕೆ ಕಾರಣವಾಗುವುದೂ ಇದೇ ನಂಬಿಕೆ. ಗ್ರೇಡಿಂಗ್ ಸಂಸ್ಥೆಗಳು ಸ್ಲ್ಯಾಬ್‌ನ ಎರಡು ಭಾಗಗಳನ್ನು ಕಿವಿಗೆ ಕೇಳಿಸದಷ್ಟು ವೇಗದ ಕಂಪನದಿಂದ ಬೆಸೆಯುತ್ತವೆ. ಒಳಗಿನ ಕಾರ್ಡನ್ನು ಗುರುತು ಉಳಿಯದಂತೆ ಯಾರೂ ಬದಲಿಸಬಾರದು ಎಂಬುದು ಆ ಬೆಸುಗೆಯ ಉದ್ದೇಶವೇ ಹೊರತು ಗಾಳಿಯನ್ನು ತಡೆಯುವುದಲ್ಲ. ಕೈಯ ಬೆವರು, ಗೀರು, ಬಿದ್ದಾಗಿನ ಪೆಟ್ಟು ಇವುಗಳಿಂದ ಸ್ಲ್ಯಾಬ್ ಕಾರ್ಡನ್ನು ಚೆನ್ನಾಗಿ ಕಾಪಾಡುತ್ತದೆ. ಆದರೆ ಹೊರಗಿನ ತೇವ ಸಣ್ಣ ಸಂದುಗಳಿಂದ ನಿಧಾನವಾಗಿ ಒಳಸೇರುತ್ತದೆ. ಬೆಳಕಂತೂ ತಡೆಯಿಲ್ಲದೆ ಹಾಯುತ್ತದೆ. ಆದ್ದರಿಂದ ಸ್ಲ್ಯಾಬ್ ಆದ ಮೇಲೂ ಕಾರ್ಡನ್ನು ಎಲ್ಲಿ ಇಡುತ್ತೀರಿ ಎಂಬುದೇ ಮುಖ್ಯವಾಗಿ ಉಳಿಯುತ್ತದೆ.

ನೀವು ಆರಿಸಿರುವ ಗೋಡೆ ಆ ಕಾರಣಕ್ಕೇ ಸೂಕ್ತವಲ್ಲ. ಬೆಳಕಿನಿಂದ ಬಣ್ಣ ಮಾಸುವುದು ಬೆಳಕಿನ ತೀವ್ರತೆ ಮತ್ತು ಅದು ಬಿದ್ದ ಅವಧಿ ಎರಡನ್ನೂ ಅವಲಂಬಿಸುತ್ತದೆ, ಹಾಗೆ ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಬೇಗ ಮಾಸುವ ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ತೀವ್ರತೆಯ ಅಳತೆ) ಬೆಳಕನ್ನು ಮಿತಿಯಾಗಿ ಇಟ್ಟುಕೊಳ್ಳುತ್ತವೆ. ನೇರ ಬಿಸಿಲು ಸುಮಾರು 1,00,000 ಲಕ್ಸ್ ಇರಬಲ್ಲದು. ಅಂದರೆ ಒಂದು ಗಂಟೆಯ ಬಿಸಿಲು 50 ಲಕ್ಸ್‌ನಲ್ಲಿ 2,000 ಗಂಟೆ ಇಟ್ಟುದಕ್ಕೆ ಸಮ. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ 250 ದಿನಗಳ ಪ್ರದರ್ಶನ ಆ ಒಂದೇ ಗಂಟೆಯಲ್ಲಿ ಮುಗಿದಂತೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಹಾನಿಯನ್ನು ಈ ಲೆಕ್ಕ ಹಿಡಿದೂ ಇಲ್ಲ. ನೇರಳಾತೀತ ಕಿರಣ ತಡೆಯುವ ಅಕ್ರಿಲಿಕ್ ಚೌಕಟ್ಟು ಹಾಕಿಸಿದರೆ ಅನುಕೂಲವಿದೆ, ಆದರೆ ಕಣ್ಣಿಗೆ ಕಾಣುವ ಬೆಳಕು ಕೂಡ ಬಣ್ಣವನ್ನು ಮಾಸಿಸುವುದರಿಂದ ಅದೊಂದನ್ನೇ ನಂಬಬಾರದು. ಕಿಟಕಿಯ ಬೆಳಕು ನೇರವಾಗಿ ತಲುಪದ ಒಳಗೋಡೆಯನ್ನು ಆರಿಸಿ, ಮಂದ ಎಲ್‌ಇಡಿ ದೀಪ ಹಾಕಿ, ಜನ ಇಲ್ಲದಾಗ ಅದನ್ನು ಆರಿಸಿ. ಮೂರರಲ್ಲಿ ಒಂದನ್ನು ಮಾತ್ರ ಹೊರಗಿಟ್ಟು ಕೆಲವು ತಿಂಗಳಿಗೊಮ್ಮೆ ಬದಲಿಸುವುದು ಇನ್ನೂ ಒಳ್ಳೆಯದು. ಮಗನಿಗೂ ಪ್ರತಿಸಲ ಹೊಸದೊಂದನ್ನು ಇಟ್ಟ ಸಂತೋಷ ಸಿಗುತ್ತದೆ.

ಹೊಳೆಯುವ ಕಾರ್ಡ್‌ಗಳು ಬಾಗುವುದಕ್ಕೆ ಅವುಗಳ ರಚನೆಯೇ ಕಾರಣ. ಕಾರ್ಡಿನ ಮೈ ಕಾಗದದ್ದು, ಮುಂಭಾಗದಲ್ಲಿ ತೆಳು ಫಾಯಿಲ್ ಪದರವಿರುತ್ತದೆ. ಕಾಗದ ತೇವವನ್ನು ಹೀರಿ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ. ಆಗ ಕಾರ್ಡ್ ಫಾಯಿಲ್ ಇರುವ ಕಡೆಗೆ ಬಾಗುತ್ತದೆ. ಗಾಳಿ ತೀರಾ ಒಣಗಿದರೆ ಬಾಗು ತಿರುವುಮುರುವಾಗುತ್ತದೆ. ಕರಾವಳಿಯಲ್ಲಿ ಜುಲೈ ತಿಂಗಳ ಸಾಪೇಕ್ಷ ಆರ್ದ್ರತೆ ಶೇ 85ನ್ನು ದಾಟುವುದು ಸಾಮಾನ್ಯ, ಶೇ 65–70ನ್ನು ಮೀರಿದ ತೇವ ಬಹುಕಾಲ ಉಳಿದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಸಂಭವವೂ ಇದೆ. ಶೇ 45ರಿಂದ 50ರ ಆಸುಪಾಸು ನಿಮ್ಮ ಗುರಿಯಾಗಿರಲಿ. ಭಾರವಾದ ಪುಸ್ತಕದಡಿ ಒತ್ತಿ ನೇರ ಮಾಡಲು ಹೋಗಬೇಡಿ. ತೇವ ಸರಿಹೋದರೆ ಬಹುಪಾಲು ಬಾಗು ತಾನಾಗಿ ಇಳಿಯುತ್ತದೆ.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಮುಚ್ಚಳದಲ್ಲಿ ರಬ್ಬರ್ ಅಂಚಿರುವ, ಗಾಳಿಯಾಡದ ದೊಡ್ಡ ಡಬ್ಬಿಯೊಂದನ್ನು ಕೊಂಡು, ಅದರಲ್ಲಿ ಕಾರ್ಡ್‌ಗಳ ಜೊತೆ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ಆರ್ದ್ರತೆ ತೋರಿಸುವ ಒಂದು ಸಣ್ಣ ಡಿಜಿಟಲ್ ಮಾಪಕವನ್ನೂ ಇಡಿ. ಡಬ್ಬಿಯನ್ನು ಮಳೆ ಸುರಿಯುವ ದಿನ ತುಂಬಿ ಮುಚ್ಚಿದರೆ ಆ ದಿನದ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ, ರಾತ್ರಿ ತಂಪಾದಾಗ ಒಳಗಿನ ಸಾಪೇಕ್ಷ ಆರ್ದ್ರತೆ ಇನ್ನೂ ಏರುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ, ಒಣಹವೆಯ ದಿನವೊಂದನ್ನು ನೋಡಿ ಈ ಕೆಲಸ ಮುಗಿಸುವುದು ಲೇಸು. ಜೆಲ್ ಅತಿಯಾದರೆ ಗಾಳಿ ತೀರಾ ಒಣಗಿ ಕಾರ್ಡ್ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಮಾಪಕ ಶೇ 40ಕ್ಕಿಂತ ಕೆಳಗಿಳಿದರೆ ಒಂದೆರಡು ಪೊಟ್ಟಣ ತೆಗೆಯಿರಿ. ಡಬ್ಬಿಯನ್ನು ಮಳೆಗೆ ನೆನೆಯುವ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬಾರದು. ಹುಳು ಬರದಿರಲೆಂದು ನುಸಿಗುಳಿಗೆ ಹಾಕುವ ಅಭ್ಯಾಸವನ್ನೂ ಇಲ್ಲಿ ಬಿಡಬೇಕು, ಏಕೆಂದರೆ ನ್ಯಾಫ್ತಲೀನ್ ಆವಿ ಕೆಲವು ಬಗೆಯ ಪ್ಲಾಸ್ಟಿಕ್‌ಗಳನ್ನು, ವಿಶೇಷವಾಗಿ ಪಾಲಿಸ್ಟೈರೀನನ್ನು, ಮೆತ್ತಗಾಗಿಸುತ್ತದೆ.

ಸ್ಲ್ಯಾಬ್ ಮಾಡಿಸದ ಕಾರ್ಡ್‌ಗಳಿಗೆ ಮೊದಲು ಪಾಲಿಪ್ರೊಪಿಲೀನ್‌ನ ತೆಳು ಸ್ಲೀವ್, ಅದರ ಮೇಲೆ ಕಾರ್ಡನ್ನು ಮೇಲ್ಗಡೆಯಿಂದ ಇಳಿಸುವ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯಾದ ಟಾಪ್‌ಲೋಡರ್ ಸಾಕು. ಬೆಲೆಬಾಳುವ ಒಂದೆರಡಕ್ಕೆ ಆಯಸ್ಕಾಂತದಿಂದ ಮುಚ್ಚುವ ಹೋಲ್ಡರ್ ಕೊಳ್ಳಬಹುದು. ಆಯಸ್ಕಾಂತದಿಂದ ಕಾಗದಕ್ಕೆ ಏನೂ ಆಗುವುದಿಲ್ಲ. ಆದರೆ ಅಳತೆ ನೋಡಿ ಕೊಳ್ಳಬೇಕು. ಹೋಲ್ಡರ್‌ಗಳ ದಪ್ಪವನ್ನು ಪಾಯಿಂಟ್‌ಗಳಲ್ಲಿ ಹೇಳುತ್ತಾರೆ, ಒಂದು ಪಾಯಿಂಟ್ ಇಂಚಿನ ಸಾವಿರದ ಒಂದು ಭಾಗ. 63 × 88 ಮಿಲಿಮೀಟರ್ ಅಳತೆಯ ಪೋಕೆಮಾನ್ ಕಾರ್ಡಿಗೆ 35 ಪಾಯಿಂಟ್‌ನ ಹೋಲ್ಡರ್ ಹೊಂದುತ್ತದೆ; ಆಟಗಾರರ ಜೆರ್ಸಿಯ ತುಂಡು ಅಂಟಿಸಿದ ದಪ್ಪ ಕ್ರೀಡಾ ಕಾರ್ಡ್‌ಗಳಿಗೆ 130 ಪಾಯಿಂಟ್‌ನಷ್ಟು ಬೇಕಾಗುತ್ತದೆ. ದೊಡ್ಡ ಹೋಲ್ಡರ್‌ನಲ್ಲಿ ಕಾರ್ಡ್ ಅಲುಗಾಡಿ ಮೂಲೆಗಳು ಸವೆಯುತ್ತವೆ. ನಾಲ್ಕು ಮೂಲೆಗೆ ಸ್ಕ್ರೂ ಬಿಗಿಯುವ ಹಳೆಯ ಬಗೆಯ ಫಲಕಗಳು ಕಾರ್ಡನ್ನು ಹಿಸುಕುವುದರಿಂದ ಅವು ಬೇಡ.

ಪ್ರಶ್ನೆ: ಬಾಲ್ಯದಲ್ಲಿ ಬಬಲ್ ಗಮ್ ಜೊತೆ ಸಿಗುತ್ತಿದ್ದ ಕ್ರಿಕೆಟಿಗರ ಕಾರ್ಡ್‌ಗಳನ್ನು ಫೋಟೊ ಆಲ್ಬಮ್ ಒಂದರ ಪ್ಲಾಸ್ಟಿಕ್ ಜೇಬುಗಳಲ್ಲಿ ಇಟ್ಟಿದ್ದೆ. ಈಗ ತೆರೆದರೆ ಘಾಟು ವಾಸನೆ ಬರುತ್ತದೆ, ಕೆಲವು ಕಾರ್ಡ್‌ಗಳು ಅಂಟಿಕೊಂಡಿವೆ. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ವಿವರಣೆ ನೋಡಿದರೆ ಆ ಜೇಬುಗಳು ಮೆತ್ತನೆಯ ಪಿವಿಸಿ ಇರಬೇಕು. ಪಿವಿಸಿಯನ್ನು ಬಾಗುವಂತೆ ಮಾಡಲು ಬೆರೆಸುವ ರಾಸಾಯನಿಕ ವರ್ಷಗಳು ಕಳೆದಂತೆ ಹೊರಗೆ ಒಸರಿ ಮುದ್ರಣದ ಶಾಯಿಯನ್ನು ಹಿಡಿದುಕೊಳ್ಳುತ್ತದೆ. ಸಡಿಲವಾಗಿರುವ ಕಾರ್ಡ್‌ಗಳನ್ನು ಇಂದೇ ಹೊರತೆಗೆದು, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಎಂದು ಸ್ಪಷ್ಟವಾಗಿ ಬರೆದಿರುವ ಸ್ಲೀವ್‌ಗಳಿಗೆ ಸೇರಿಸಿ. ಕೊಳ್ಳುವ ಮೊದಲು ಕಾರ್ಡಿನ ಅಳತೆ ತೆಗೆದುಕೊಳ್ಳಿ. ಅಂಟಿಕೊಂಡವುಗಳನ್ನು ಎಳೆಯಬೇಡಿ, ನೀರು ಸೋಕಿಸಬೇಡಿ. ಜೇಬಿನ ಅಂಚನ್ನು ಕತ್ತರಿಸಿ, ಅಂಟದ ಕಡೆಯ ಪ್ಲಾಸ್ಟಿಕನ್ನು ಬಿಡಿಸಿ, ಅಂಟಿದ ಭಾಗವನ್ನು ಹಾಗೆಯೇ ಉಳಿಸಿ. ಅಂಥವುಗಳಲ್ಲಿ ನಿಮಗೆ ಬಹಳ ಪ್ರಿಯವಾದುದು ಇದ್ದರೆ ಕಾಗದ ಸಂರಕ್ಷಣೆ ತಿಳಿದವರಿಗೆ ತೋರಿಸಿ. ಕಾರ್ಡ್‌ಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಅದು ಅಂಚನ್ನು ಕೊರೆಯುತ್ತದೆ, ಹಳತಾದಾಗ ಕಲೆ ಬಿಡುತ್ತದೆ.

ಪ್ರಶ್ನೆ: ಸ್ಲ್ಯಾಬ್ ಆಗಿರುವ ಕಾರ್ಡೊಂದನ್ನು ಆನ್‌ಲೈನ್‌ನಲ್ಲಿ ಕೊಳ್ಳಲಿದ್ದೇನೆ. ಮೊಹರು ಅಸಲಿಯೆಂದು ತಿಳಿಯುವುದು ಹೇಗೆ? ಮೇಲಿನ ಗೀರುಗಳನ್ನು ಅಳಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಲೇಬಲ್‌ನಲ್ಲಿರುವ ಪ್ರಮಾಣಪತ್ರ ಸಂಖ್ಯೆಯನ್ನು ಆ ಗ್ರೇಡಿಂಗ್ ಸಂಸ್ಥೆಯ ಜಾಲತಾಣದಲ್ಲಿ ನೀವೇ ಹುಡುಕಿ, ಅಲ್ಲಿ ಚಿತ್ರವಿದ್ದರೆ ಕಾರ್ಡಿನ ಜೊತೆ ಹೋಲಿಸಿ. ಸಂಖ್ಯೆ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ, ಏಕೆಂದರೆ ನಿಜವಾದ ಸಂಖ್ಯೆಯನ್ನು ನಕಲಿ ಲೇಬಲ್ ಮೇಲೆ ಅಚ್ಚು ಹಾಕುವವರಿದ್ದಾರೆ. ಸ್ಲ್ಯಾಬ್‌ನ ಅಂಚುಗಳ ಹತ್ತಿರದ ಫೋಟೊ ಕೇಳಿ. ಬೆಸುಗೆಯ ಉದ್ದಕ್ಕೂ ಬಿಳಿಚಿಕೊಂಡ ಗುರುತು, ಬಿರುಕು ಅಥವಾ ಅಂಟಿನ ಹನಿ ಕಂಡರೆ ಯಾರೋ ತೆರೆದು ಮುಚ್ಚಿರಬಹುದು. ಮೊಹರು ಅಸಲಿಯಾದರೂ ಅದರ ಮೇಲಿನ ತೀರ್ಪು ಮನುಷ್ಯರದ್ದು. 1991ರಲ್ಲಿ ಸ್ಥಾಪನೆಯಾದ ಪಿಎಸ್‌ಎ ಎಂಬ ಅಮೆರಿಕದ ಗ್ರೇಡಿಂಗ್ ಸಂಸ್ಥೆ ಮೊದಲು ಗ್ರೇಡ್ ಮಾಡಿದ್ದು ಟಿ206 ಎಂಬ ಹಳೆಯ ಸರಣಿಯ ಹೋನಸ್ ವ್ಯಾಗ್ನರ್ ಬೇಸ್‌ಬಾಲ್ ಕಾರ್ಡ್. ಅದಕ್ಕೆ ಹತ್ತರಲ್ಲಿ 8ರ ದರ್ಜೆ ಸಿಕ್ಕಿತ್ತು. ಗ್ರೇಡ್ ಆಗುವ ಮೊದಲೇ ಅದರ ಅಂಚನ್ನು ತಾನು ಕತ್ತರಿಸಿದ್ದಾಗಿ ಅದನ್ನು ಮಾರಿದ್ದ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಆದ್ದರಿಂದ ದರ್ಜೆಯ ಅಂಕಿಯ ಜೊತೆಗೆ ಕಾರ್ಡನ್ನೂ ನೋಡಿ ಕೊಳ್ಳಿ.

ಸ್ಲ್ಯಾಬ್ ಒರೆಸಲು ಸ್ಯಾನಿಟೈಸರ್, ಸ್ಪಿರಿಟ್, ಗಾಜು ಒರೆಸುವ ದ್ರವ ಯಾವುದೂ ಬೇಡ. ಆಲ್ಕೋಹಾಲ್ ತಾಗಿದರೆ ಅಕ್ರಿಲಿಕ್‌ನಂಥ ಪ್ಲಾಸ್ಟಿಕ್‌ನಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಮೈಕ್ರೊಫೈಬರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅಂಚಿನ ಸಂದಿಗೆ ತೇವ ಇಳಿಯದಂತೆ ಒರೆಸಿದರೆ ಸಾಕು. ಸಣ್ಣ ಗೀರುಗಳನ್ನು ಪ್ಲಾಸ್ಟಿಕ್ ಪಾಲಿಶ್‌ನಿಂದ ಕಡಿಮೆ ಮಾಡಬಹುದು, ಆದರೆ ಲೇಬಲ್ ಇರುವ ಭಾಗದ ಬಳಿ ಜೋರಾಗಿ ಉಜ್ಜಿದರೆ ಮುಂದೆ ಕೊಳ್ಳುವವರಿಗೆ ಅನುಮಾನ ಹುಟ್ಟುತ್ತದೆ. ಶುಚಿಯಾದ ಮೇಲೆ ಸ್ಲ್ಯಾಬ್ ಅಳತೆಯ ಪ್ಲಾಸ್ಟಿಕ್ ಚೀಲವೊಂದನ್ನು ಹೊರಗಿನಿಂದ ತೊಡಿಸಿಡಿ. ಮುಂದಿನ ಗೀರುಗಳೆಲ್ಲ ಆ ಚೀಲಕ್ಕೇ ಬೀಳುತ್ತವೆ, ಅದು ಮಾಸಿದಾಗ ಬದಲಿಸಿದರಾಯಿತು.