4294967297 ಅವಿಭಾಜ್ಯ ಸಂಖ್ಯೆಯೇ?

ಆಧಾರ 2 ಇಟ್ಟು ಮಾಡಿದ ಫರ್ಮಾ ಪರೀಕ್ಷೆಯಲ್ಲಿ (n ಅವಿಭಾಜ್ಯವಾದರೆ, ಅದರಿಂದ ಭಾಗವಾಗದ ಯಾವುದೇ ಆಧಾರಕ್ಕೆ n − 1 ಎಂಬ ಘಾತ ಹಾಕಿ nನಿಂದ ಭಾಗಿಸಿದಾಗ ಶೇಷ 1 ಬರಲೇಬೇಕು ಎಂಬ ಫರ್ಮಾನ ಪ್ರಮೇಯವೇ ಇದರ ತಳಹದಿ) ಈ ಸಂಖ್ಯೆಗೆ ಶೇಷ 1 ಬಂತು, ಆದರೂ ಎಲ್ಲರೂ ಇದು ಅವಿಭಾಜ್ಯವಲ್ಲ ಎನ್ನುತ್ತಾರೆ, ನನ್ನ ಪ್ರೋಗ್ರಾಂ ತಪ್ಪೇ ಎಂದು ಕೇಳಿದ್ದೀರಿ. ಪ್ರೋಗ್ರಾಂ ಸರಿಯಾಗಿಯೇ ಇದೆ. ಎಲ್ಲರೂ ಹೇಳುವುದೂ ಸರಿ: 4294967297 = 641 × 6700417.

ನೀವು ಆರಿಸಿಕೊಂಡ ಆಧಾರವೇ ಇಲ್ಲಿ ಕೆಲಸಕ್ಕೆ ಬಾರದು. ಈ ಸಂಖ್ಯೆ 2³² + 1. ಆದ್ದರಿಂದ ಇದರಿಂದ ಭಾಗಿಸಿದಾಗ 2³²ಕ್ಕೆ ಶೇಷ −1, ಅದರ ವರ್ಗವಾದ 2⁶⁴ಕ್ಕೆ ಶೇಷ 1. ಪರೀಕ್ಷೆಯಲ್ಲಿ 2ಕ್ಕೆ ಹಾಕುವ ಘಾತ 4294967296. ಅದು 64ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಹಾಗಾಗಿ 1 ಬರಲೇಬೇಕು, ಸಂಖ್ಯೆ ಅವಿಭಾಜ್ಯವಾಗಿರಲಿ ಬಿಡಲಿ. 2ರ ಬದಲು 3 ಹಾಕಿ ನೋಡಿ, ಗುಟ್ಟು ರಟ್ಟಾಗುತ್ತದೆ.

ಇದರಲ್ಲೊಂದು ತಮಾಷೆಯಿದೆ. 3, 5, 17, 257, 65537 ಅವಿಭಾಜ್ಯಗಳಾಗಿರುವುದನ್ನು ಕಂಡು, 2ರ ಘಾತವನ್ನು ಪ್ರತಿಸಲ ಇಮ್ಮಡಿಸುತ್ತ ಹೋಗುವ ಈ ಸರಣಿಯ (2¹ + 1, 2² + 1, 2⁴ + 1, …) ಎಲ್ಲ ಸಂಖ್ಯೆಗಳೂ ಹಾಗೆಯೇ ಇರುತ್ತವೆಂದು ನಂಬಿದ್ದವನು ಗಣಿತಜ್ಞ ಫರ್ಮಾನೇ. ಮುಂದಿನ ಸಂಖ್ಯೆಯೇ ನಿಮ್ಮದು. ಅವನ ಪ್ರಮೇಯವೇ, ಆಧಾರ 3 ಇಟ್ಟಿದ್ದರೆ, ಅವನ ನಂಬಿಕೆಯನ್ನು ಕೆಡವುತ್ತಿತ್ತು. 1732ರಲ್ಲಿ ಗಣಿತಜ್ಞ ಆಯ್ಲರ್ 641 ಎಂಬ ಅಪವರ್ತನವನ್ನು ತೋರಿಸಿದ.

641 ಭಾಗಿಸುತ್ತದೆ ಎನ್ನುವುದಕ್ಕೆ ದೊಡ್ಡ ಭಾಗಾಕಾರವೇ ಬೇಕಿಲ್ಲ. ನನಗೆ ತುಂಬ ಇಷ್ಟವಾದ ಸಾಧನೆ ಇದು. 641 = 5⁴ + 2⁴ ; ಅದೇ 641 = 5 × 2⁷ + 1 ಕೂಡ. ಮೊದಲನೆಯದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³² ಸಿಗುತ್ತದೆ. ಇದನ್ನು 641 ಭಾಗಿಸುತ್ತದೆ. ಇನ್ನು 5⁴ × 2²⁸ − 1 ಎಂದರೆ 640⁴ − 1. ಅದರ ಒಂದು ಅಪವರ್ತನ 640 + 1, ಆದ್ದರಿಂದ ಅದನ್ನೂ 641 ಭಾಗಿಸುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ: ಉಳಿಯುವುದು 2³² + 1.

6700417 ಇನ್ನೂ ಒಡೆಯುತ್ತದೆಯೇ? ಇಲ್ಲ. 2³² + 1ರ ಅವಿಭಾಜ್ಯ ಅಪವರ್ತನಗಳೆಲ್ಲ 128ರಿಂದ ಭಾಗಿಸಿದಾಗ ಶೇಷ 1 ಉಳಿಸುವಂಥವೇ ಆಗಿರಬೇಕು. 6700417ರ ವರ್ಗಮೂಲ 2589ಕ್ಕಿಂತ ಕಡಿಮೆ. ಅಲ್ಲಿಯವರೆಗೆ ಇಂಥ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257 ಇದೇ ಸರಣಿಯದು, ಸರಣಿಯ ಯಾವ ಎರಡು ಸಂಖ್ಯೆಗಳಿಗೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ, ಅದನ್ನು ಬಿಡಿ. ಉಳಿದ ನಾಲ್ಕರಿಂದ ಭಾಗಿಸಿದರೆ ಶೇಷ ಕ್ರಮವಾಗಿ 44, 120, 334, 622.

ನಿಮಗೆ 1 ಬಂದಿದೆಯೆಂದರೆ 64 ಬಿಟ್‌ಗಿಂತ ದೊಡ್ಡ ಪೂರ್ಣಾಂಕಗಳನ್ನು ಬಳಸಿದ್ದೀರಿ ಎಂದು ಊಹಿಸುತ್ತೇನೆ. ಚಿಹ್ನೆಯಿಲ್ಲದ 64 ಬಿಟ್ ಚರದಲ್ಲಿ ವರ್ಗ ಮಾಡುತ್ತ ಹೋದರೆ 2³²ರ ವರ್ಗ 2⁶⁴ ಅದರಲ್ಲಿ ಹಿಡಿಸದೆ 0 ಆಗಿಬಿಡುತ್ತದೆ. ಆಗ ಪ್ರೋಗ್ರಾಂ “ಅವಿಭಾಜ್ಯವಲ್ಲ” ಎಂಬ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು, ಪೂರ್ತಿ ತಪ್ಪು ಕಾರಣಕ್ಕೆ.