ಎಂಬಿಬಿಎಸ್ ಮುಗಿದಿದೆ. ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಡಾಕ್ಟರ್ ಕೆಲಸಕ್ಕೆ ಸೇರಿದರೆ ಪಿಜಿಗೆ ಓದಲು ಸಮಯ ಸಿಗುತ್ತಾ?

ನಾನೂ ಇದೇ ಲೆಕ್ಕ ಹಾಕಿ ಒಂದು ಖಾಸಗಿ ಕಂಟ್ರೋಲ್ ರೂಮ್ ಸೇರಿದ್ದೆ. ಮೂರನೇ ವಾರ, ರಾತ್ರಿ ಪಾಳಿಯಲ್ಲಿ ಆ ಕರೆ ಬಂತು.

108 ಇರಲಿ, ಖಾಸಗಿ ಇರಲಿ, ಕರೆ ಮೊದಲು ಡಾಕ್ಟರಿಗೆ ಬರುವುದಿಲ್ಲ. ಒಬ್ಬರು ಊರು, ತೊಂದರೆ ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಗಾಡಿ ಹೊರಡಿಸುತ್ತಾರೆ. ಗಾಡಿಯಲ್ಲಿರುವ ಇಎಂಟಿಗೆ (ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ), ಕೆಲವೊಮ್ಮೆ ಮನೆಯವರಿಗೆ, ಏನು ಮಾಡಬೇಕು ಅಂತ ಹೇಳುವುದು ನಮ್ಮ ಕೆಲಸ. 108 ನಮ್ಮ ರಾಜ್ಯಕ್ಕೆ ಬಂದಿದ್ದು 2008ರಲ್ಲಿ. ಫೋನಿನ ಆ ಕಡೆ ಡಾಕ್ಟರೂ ಇರುತ್ತಾರೆ ಅಂತ ಈಗಲೂ ಬಹಳ ಜನಕ್ಕೆ ಗೊತ್ತಿಲ್ಲ.

ಆವತ್ತು ಮಾತಾಡಿದ್ದು ಒಬ್ಬ ಹುಡುಗ. ಅಪ್ಪ ಜಗಲಿ ಮೇಲೆ ಕುಸಿದಿದ್ದಾರೆ, ಕರೆದರೆ ಮಾತಿಲ್ಲ. "ಉಸಿರಾಡ್ತಿದ್ದಾರಾ?" ಅಂದೆ. "ಹೂಂ ಸಾರ್, ಗೊರಕೆ ಥರ ಬರ್ತಿದೆ." "ಮಗ್ಗುಲಿಗೆ ಮಲಗಿಸಪ್ಪ, ಗಾಡಿ ಬರ್ತಿದೆ" ಅಂದೆ. 14 ನಿಮಿಷ ಆದ ಮೇಲೆ ಇಎಂಟಿ ಫೋನ್ ಮಾಡಿದರು. ನಾಡಿ ಇರಲಿಲ್ಲ.

ನಾನು ಕೇಳಿದ ಪ್ರಶ್ನೆಯೇ ತಪ್ಪು. ಹೃದಯ ನಿಂತ ಮೇಲೂ ಕೆಲವು ನಿಮಿಷ ಮೇಲುಸಿರು ಬರಬಹುದು. ಗೊರಕೆಯಂತೆ, ಬಿಕ್ಕಿದಂತೆ. ನೋಡಿದವರು ಉಸಿರಾಡ್ತಿದ್ದಾರೆ ಅಂತಲೇ ಹೇಳುತ್ತಾರೆ. 'ಅಗೋನಲ್' ಅಂತ ಪುಸ್ತಕದಲ್ಲಿ ಓದಿದ್ದೆ. ಆದರೆ ಹುಡುಗ 'ಗೊರಕೆ' ಅಂದಾಗ ನನಗೆ ಅದು ಹೊಳೆಯಲೇ ಇಲ್ಲ. "ಉಸಿರು ಮಾಮೂಲಿನ ಹಾಗಿದೆಯಾ?" ಅಂತ ಕೇಳಬೇಕಿತ್ತು. ಅನುಮಾನ ಬಂದರೆ, ಒಂದೊಂದು ಉಸಿರಿಗೂ "ಈಗ" ಅನ್ನಪ್ಪ ಅಂತ ಹೇಳಿ ಗಡಿಯಾರ ನೋಡಬೇಕಿತ್ತು. ಎರಡು "ಈಗ" ನಡುವೆ 10 ಸೆಕೆಂಡ್ ಬಿಟ್ಟುಹೋದರೆ ಇನ್ನು ಕಾಯುವ ಮಾತೇ ಇಲ್ಲ. ಎದೆ ಒತ್ತಿಸಬೇಕು, ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ, ಫೋನಿನಲ್ಲಿ ಜೊತೆಗೇ ಎಣಿಸುತ್ತಾ. ಹೇಳಿದ್ದರೆ ಆ ಹುಡುಗ ಒತ್ತುತ್ತಿದ್ದ. ನಾನು ಹೇಳಲಿಲ್ಲ.

ಹಾಗಾಗಿ ಓದಲು ಸಮಯ ಸಿಗುತ್ತಾ ಅಂತ ಕೇಳಬೇಡಿ. ಓದುವುದೇ ಮುಖ್ಯ ಅಂದರೆ ಮನೆಯಲ್ಲಿ ಕೂತು ಓದಿ, ಕಂಟ್ರೋಲ್ ರೂಮಿನ ಸೀಟಿಗೆ ಬರಬೇಡಿ. ಬರುವುದಾದರೆ ಸಂಬಳಕ್ಕಿಂತ ಮೊದಲು ತರಬೇತಿ ವಿಚಾರಿಸಿ. ಸೀನಿಯರ್ ಪಕ್ಕ ಹೆಡ್‌ಫೋನ್ ಹಾಕಿ ಕೂರಿಸುತ್ತಾರಾ? ರೆಕಾರ್ಡ್ ಆದ ಕರೆ ಮತ್ತೆ ಕೇಳಿಸಿ ತಿದ್ದುತ್ತಾರಾ? ಕೆಲವು ವಾರ ಗಾಡಿಯಲ್ಲಿ ಕಳಿಸುತ್ತಾರಾ? ನನಗೆ ಸಿಕ್ಕಿದ್ದು ನಾಲ್ಕು ದಿನದ ಪಾಠ ಮಾತ್ರ. ಹೃದಯ ನಿಂತವರಿಗೆ ತುರ್ತು ಚಿಕಿತ್ಸೆ ಕೊಡುವ ಎಸಿಎಲ್‌ಎಸ್ ಕೋರ್ಸಿನ ಸರ್ಟಿಫಿಕೇಟ್ ಇತ್ತು, ಅದರಲ್ಲಿ ಗೊರಕೆ ಅನ್ನೋ ಪದ ಇರಲಿಲ್ಲ.

ಬೀದರಿನವರ ಮಾತು ಬೇರೆ, ಕುಂದಾಪುರದವರದು ಬೇರೆ. ಉಸಿರಿನ ಬಗ್ಗೆ ಜನ ಹೇಳುವ ಮಾತುಗಳನ್ನೆಲ್ಲ ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಸೇರುವುದಾದರೆ ಮೆಸೇಜ್ ಮಾಡಿ, ಕಳಿಸುತ್ತೇನೆ.