ಪಕ್ಕದ ಸೀಟಿನಲ್ಲಿ ಕೂತವರಿಗೆ ಬ್ರೇಕ್ ಇಲ್ಲ

ಪ್ರಶ್ನೆ: ನನಗೆ 26 ವರ್ಷ. ಲೈಸೆನ್ಸ್ ಸಿಕ್ಕ ಮೇಲೆ ಒಂದು ಕಂಪನಿಯಲ್ಲಿ ಹಿರಿಯ ಡ್ರೈವರ್ ಜೊತೆ ಟ್ರೇಲರ್ ಲಾರಿಯ ತರಬೇತಿ ನಡೀತಿದೆ. ಮೂರು ವಾರ ಆಯ್ತು, ಇನ್ನೂ ಮೂರು ವಾರ ಇದೆ. ಗೇರ್ ತಪ್ಪಿದರೆ ಕೂಗಾಡ್ತಾರೆ. ರಿವರ್ಸ್ ತೆಗೆಯುವಾಗ ಎಲ್ಲರೆದುರು ಬೈದರು. ಒಮ್ಮೆ ಗಾಡಿ ಓಡುತ್ತಿರುವಾಗಲೇ ಸ್ಟೇರಿಂಗ್‌ಗೆ ಕೈ ಹಾಕಿದರು. ಆಮೇಲೆ ಗಂಟೆಗಟ್ಟಲೆ ಮಾತೇ ಇಲ್ಲ. ಬೆಳಿಗ್ಗೆ ಲಾರಿ ಹತ್ತುವಾಗಲೇ ಕೈ ಬೆವರುತ್ತೆ. ಬಿಟ್ಟುಬಿಡಲಾ?

ಉತ್ತರ: ಈಗಲೇ ಬಿಡಬೇಡಿ. ಬೆವರುವ ಕೈಯಲ್ಲಿ ಅಷ್ಟು ದೊಡ್ಡ ಗಾಡಿ ಹಿಡಿಯೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಈ ಅಂಕಣಕ್ಕೆ ಬರುವ ಮುಂಚೆ ನಾನೂ ಕೆಲವು ವರ್ಷ ಲಾರಿ ಓಡಿಸಿದವನು.

ನನಗೆ ಕಲಿಸಿದವರೂ ಕೂಗುತ್ತಿದ್ದರು. ಒಂದು ದಿನ ಇಳಿಜಾರಿನಲ್ಲಿ ಓರೆಗಣ್ಣಿನಿಂದ ನೋಡಿದೆ, ಅವರ ಬಲಗಾಲು ನೆಲದ ಮ್ಯಾಟನ್ನು ಒತ್ತಿ ಹಿಡಿದಿತ್ತು, ಅಲ್ಲೊಂದು ಬ್ರೇಕ್ ಇದ್ದ ಹಾಗೆ. ಆ ಜಾಗದಲ್ಲಿ ಮ್ಯಾಟು ಸವೆದು ನುಣುಪಾಗಿತ್ತು. ನನಗಿಂತ ಮುಂಚೆ ಎಷ್ಟು ಜನ ಕಲಿಯುವವರ ಪಕ್ಕ ಅವರು ಹೀಗೇ ಕೂತಿದ್ದರೋ ಅಂತ ಆವತ್ತು ಅನ್ನಿಸಿತು.

80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತೆ. ಏರ್ ಬ್ರೇಕ್ ಒತ್ತಿದ ಮೇಲೂ ಗಾಳಿ ಹಿಂದಿನ ಚಕ್ರದ ತನಕ ಹೋಗಿ ಹಿಡಿಯೋಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು. ಇದೆಲ್ಲ ನಿಮ್ಮ ಹಿರಿಯ ಡ್ರೈವರಿಗೆ ಬೆನ್ನುಹುರಿಯಲ್ಲಿ ಗೊತ್ತು, ಆದರೆ ಕಾಲ ಕೆಳಗೆ ಪೆಡಲ್ ಇಲ್ಲ, ಇರೋದು ಬಾಯಿ ಒಂದೇ. ಹಾಗಂತ ಬೈಗುಳ ಸರಿ ಅಂತ ನಾನು ಹೇಳ್ತಿಲ್ಲ. ಆ ಕೂಗಾಟದಲ್ಲಿ ಭಯ ಎಷ್ಟು, ಕೆಟ್ಟ ಸ್ವಭಾವ ಎಷ್ಟು ಅಂತ ನೀವು ಬೇರೆ ಮಾಡಿ ನೋಡಬೇಕು, ಅಷ್ಟೇ.

ಭಯವಾದರೆ ಅದಕ್ಕೆ ಔಷಧಿ ನಿಮ್ಮ ಬಾಯಲ್ಲೇ ಇದೆ. ನೀವು ಏನು ನೋಡ್ತಿದ್ದೀರಿ, ಏನು ಮಾಡ್ತೀರಿ ಅಂತ ಜೋರಾಗಿ ಹೇಳ್ತಾ ಓಡಿಸಿ. "ಮುಂದೆ ಇಳಿಜಾರು, ಈಗಲೇ ಗೇರ್ ಇಳಿಸ್ತೀನಿ." "ಎಡಗಡೆ ಬೈಕ್ ಇದೆ, ಕನ್ನಡಿಯಲ್ಲಿ ಕಾಣ್ತಿದೆ." "ತಿರುವು ಬಂತು, ಹಿಂದಿನ ಚಕ್ರ ಒಳಗೆ ಎಳೆಯುತ್ತೆ, ಅಗಲವಾಗಿ ತಗೊಳ್ತೀನಿ." ಇಳಿಜಾರು ಶುರುವಾದ ಮೇಲೆ ಗೇರ್ ಹುಡುಕುತ್ತಾ ಬರೀ ಬ್ರೇಕ್ ಮೇಲೆ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯೋದೇ ಇಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು, ನಿಮಗೂ ಗೊತ್ತಾ ಅನ್ನೋದೇ ಅವರ ಸಂಕಟ. ನೀವು ಮೊದಲೇ ಹೇಳಿದರೆ ಅವರು ಕೂಗೋಕೆ ಕಾರಣ ಕಮ್ಮಿಯಾಗುತ್ತೆ. ಮೊದಲ ದಿನ ನಾಚಿಕೆ ಆಗುತ್ತೆ, ಆಗಲಿ.

ಇನ್ನು ಅವರ ಜೊತೆ ಮಾತಾಡೋ ಹೊತ್ತು. ಓಡಿಸುವಾಗ ಬೇಡ, ಬೈಸಿಕೊಂಡ ತಕ್ಷಣ ಅಂತೂ ಬೇಡವೇ ಬೇಡ. ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ ಬ್ರೇಕಿನ ಟ್ಯಾಂಕಿಗೆ ಏರ್ ತುಂಬೋವರೆಗೆ ಕಾಯ್ತೀರಲ್ಲ, ಆ ಕೆಲವು ನಿಮಿಷ ಹಿಡಿದುಕೊಳ್ಳಿ. ಇಬ್ಬರ ಕಣ್ಣೂ ಗೇಜಿನ ಮುಳ್ಳಿನ ಮೇಲಿರುತ್ತೆ, ಮುಖ ನೋಡಿ ಮಾತಾಡೋ ಮುಜುಗರ ಇರಲ್ಲ. ಹೀಗೆ ಹೇಳಿ: "ಸರ್, ನೀವು 'ನಿಲ್ಲಿಸು' ಅಂದ್ರೆ ನಿಲ್ಲಿಸ್ತೀನಿ, 'ಎಡಕ್ಕೆ' ಅಂದ್ರೆ ಎಡಕ್ಕೆ ತಗೊಳ್ತೀನಿ. 'ಏನೋ ಮಾಡ್ತಿದೀಯಾ' ಅಂದ್ರೆ ನನ್ನ ತಲೆ ಓಡಲ್ಲ. ಮತ್ತೆ ದಯವಿಟ್ಟು ಸ್ಟೇರಿಂಗ್ ಹಿಡಿಯಬೇಡಿ, ಒಂದು ಚಕ್ರಕ್ಕೆ ಇಬ್ಬರ ಕೈ ಬಿದ್ರೆ ಗಾಡಿ ಯಾರ ಮಾತೂ ಕೇಳಲ್ಲ." ಕೊನೆಯ ಮಾತು ಹೇಳೋದು ಕಷ್ಟ, ಆದರೂ ಹೇಳಲೇಬೇಕು.

ರಿವರ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಟ್ರೇಲರ್ ಇನ್ನೊಂದು ಕಡೆ ಹೋಗುತ್ತೆ, ಅದು ಕೈಗೆ ಹತ್ತೋಕೆ ಎಲ್ಲರಿಗೂ ದಿನ ಹಿಡಿಯುತ್ತೆ. ಗೊಂದಲವಾದರೆ ನಿಲ್ಲಿಸಿ, ಇಳಿದು ಹಿಂದೆ ಹೋಗಿ ನೋಡಿ, ಗಾಡಿ ಮುಂದೆ ತಗೊಂಡು ನೇರ ಮಾಡಿ ಮತ್ತೆ ಶುರು ಮಾಡಿ. ಸುತ್ತ ನಿಂತವರು ನಗಲಿ ಬಿಡಿ. ನಿಮ್ಮ ಡ್ರೈವರ್ ಮಾತಾಡದೇ ಕೂರೋದನ್ನೂ ಹಾಗೇ ಬಿಡಿ, ಕೆಲವರಿಗೆ ಸಿಟ್ಟು ಇಳಿಯೋ ದಾರಿಯೇ ಅದು.

ಆದರೆ ಮನೆಯವರನ್ನು ಎಳೆದು ಬೈದರೆ, ಕೈ ಮಾಡಿದರೆ, ನಿದ್ದೆ ಬರ್ತಿದೆ ಅಂದರೂ ಓಡಿಸು ಅಂದರೆ, ಓಡಿಸಿದ ಗಂಟೆಗಳನ್ನು ಸುಳ್ಳು ಬರೆಸಿದರೆ, ಅಥವಾ ನೀವು ಕೇಳಿಕೊಂಡ ಮೇಲೂ ಮತ್ತೆ ಮತ್ತೆ ಸ್ಟೇರಿಂಗ್ ಎಳೆದರೆ, ಒಂದು ದಿನವೂ ಸಹಿಸಬೇಡಿ. ಆ ರಾತ್ರಿಯೇ ತಾರೀಖು, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ, ಮಾರನೇ ದಿನ ಆಫೀಸಿಗೆ ಹೋಗಿ. "ಅವರು ಸರಿಯಿಲ್ಲ" ಅಂತ ಶುರು ಮಾಡದೆ, "ಹೀಗೆ ಹೀಗೆ ಆಯ್ತು, ಬೇರೆ ಟ್ರೇನರ್ ಕೊಡಿ" ಅಂತ ಕೇಳಿ. ಇಷ್ಟು ಕೇಳಿದ್ದಕ್ಕೆ ಕೆಲಸದಿಂದ ತೆಗೆಯುವ ಜಾಗವಾದರೆ, ನೀವು ಅಲ್ಲಿ ಇರಬೇಕು ಅಂತ ನನಗಂತೂ ಅನ್ನಿಸಲ್ಲ.

ನಾಳೆ ಬೆಳಿಗ್ಗೆ ಏರ್ ತುಂಬೋ ಹೊತ್ತಿಗೆ ಮಾತು ತೆಗೆಯಿರಿ. ಹತ್ತು ದಿನ ಬಿಟ್ಟು ನನಗೆ ಬರೆಯಿರಿ, ಅವರು ಏನಂದರು, ರಿವರ್ಸ್ ಎಲ್ಲಿಗೆ ಬಂತು ಅಂತ.